ಕಡಲಿಗೆ ಮುಖ ಮಾಡಿದ ಊಟದ ಮೇಜು: ಗ್ಯಾಲ್ವೆಸ್ಟನ್ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಹ್ಯೂಸ್ಟನ್ ನಗರದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಮೆಕ್ಸಿಕೋ ಕೊಲ್ಲಿಗೂ ಗ್ಯಾಲ್ವೆಸ್ಟನ್ ಬೇ ಎಂಬ ಒಳಕೊಲ್ಲಿಗೂ ನಡುವೆ ಕಡ್ಡಿಯಂತೆ ಚಾಚಿಕೊಂಡಿರುವ ಮರಳಿನ ದ್ವೀಪ ಗ್ಯಾಲ್ವೆಸ್ಟನ್. ಮಕ್ಕಳನ್ನು ನೋಡಲು ಹ್ಯೂಸ್ಟನ್ನಿಗೆ ಹೋಗುವ ನಮ್ಮವರು ಒಂದು ದಿನವಾದರೂ ಅಲ್ಲಿಗೆ ಹೋಗಿ ಬರುತ್ತಾರೆ. ಅಲ್ಲಿನ ಹಳೆಯ ಮೀನೂಟದ ಹೋಟೆಲ್ ಒಂದನ್ನು ಕುರಿತು ಬಂದ ಪತ್ರವೊಂದರ ಜೊತೆಗೆ, ಅದೇ ದ್ವೀಪದ ಊಟೋಪಚಾರಕ್ಕೆ ಸಂಬಂಧಿಸಿದ ಇನ್ನಷ್ಟು ಪತ್ರಗಳೂ ಬಂದಿರುವುದರಿಂದ ಎಲ್ಲಕ್ಕೂ ಇಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಮಗ ನಮ್ಮನ್ನು ಗ್ಯಾಲ್ವೆಸ್ಟನ್ನಿನ ಕಡಲ ದಂಡೆಯ ರಸ್ತೆಯಲ್ಲಿರುವ ಗೈಡೋಸ್ ಎಂಬ ಹೋಟೆಲಿಗೆ ಕರೆದೊಯ್ದಿದ್ದ. ಅದು 1911ರಿಂದ ನಡೆಯುತ್ತಿದೆಯಂತೆ. 1900ರಲ್ಲಿ ಚಂಡಮಾರುತಕ್ಕೆ ಸಿಕ್ಕಿ ಆ ಊರೇ ಕೊಚ್ಚಿಹೋಗಿತ್ತೆಂದೂ ಅವನೇ ಹೇಳಿದ. ಹನ್ನೊಂದು ವರ್ಷಗಳೊಳಗೆ ಅದೇ ಕಡಲಂಚಿನಲ್ಲಿ ಹೋಟೆಲ್ ತೆರೆಯುವ ಧೈರ್ಯ ಹೇಗೆ ಬಂದಿತು? ಅದು ಇಷ್ಟು ಕಾಲ ಉಳಿದದ್ದಾದರೂ ಹೇಗೆ? — ನಿವೃತ್ತ ಶಿಕ್ಷಕರೊಬ್ಬರು, ಮೈಸೂರು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. 1900ರ ಸೆಪ್ಟೆಂಬರ್ 8ರಂದು ಬಂದ ಚಂಡಮಾರುತವು 15 ಅಡಿಗೂ ಹೆಚ್ಚು ಎತ್ತರದ ಕಡಲ ನೀರನ್ನು ದ್ವೀಪದ ಮೇಲೆ ನುಗ್ಗಿಸಿತು. ಊರಿನ ಅತ್ಯಂತ ಎತ್ತರದ ಜಾಗವೂ ಆಗ ಸಮುದ್ರಮಟ್ಟದಿಂದ 9 ಅಡಿಯನ್ನು ಮುಟ್ಟುತ್ತಿರಲಿಲ್ಲ. ಸತ್ತವರ ಸಂಖ್ಯೆ ಕಡಿಮೆಯೆಂದರೂ 6,000. ಬಹುಪಾಲು ಇತಿಹಾಸಕಾರರು 8,000ದ ಸುತ್ತ ಎನ್ನುತ್ತಾರೆ. ಅಮೆರಿಕದ ಇತಿಹಾಸದಲ್ಲಿ ಒಂದೇ ನೈಸರ್ಗಿಕ ವಿಕೋಪಕ್ಕೆ ಅಷ್ಟು ಮಂದಿ ಬಲಿಯಾದದ್ದು ಅದಕ್ಕಿಂತ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಆ ಹನ್ನೊಂದು ವರ್ಷಗಳಲ್ಲಿ ಊರು ಮಾಡಿದ ಕೆಲಸವನ್ನು ತಿಳಿದರೆ ಹೋಟೆಲಿನ ಧೈರ್ಯ ಅಷ್ಟೇನೂ ಅಚ್ಚರಿಯೆನಿಸುವುದಿಲ್ಲ. ಮೂವರು ಎಂಜಿನಿಯರುಗಳ ಮಂಡಳಿಯೊಂದು ಎರಡು ಸಲಹೆಗಳನ್ನು ಕೊಟ್ಟಿತು: ಕಡಲಿಗೆದುರಾಗಿ 17 ಅಡಿ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟುವುದು, ಮತ್ತು ಗೋಡೆಯ ಹಿಂದಿರುವ ಊರನ್ನೇ ಮೇಲೆತ್ತುವುದು. ಆ ಮೂವರಲ್ಲಿ ಒಬ್ಬರು ಸೇನೆಯಿಂದ ನಿವೃತ್ತರಾಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್. ಸಂಘಸಂಸ್ಥೆಗಳ ಸಭೆಯಲ್ಲಿ ಠರಾವು ಮಂಡಿಸಿ, ಅನುಮೋದಿಸಿ, ಮತಕ್ಕೆ ಹಾಕುವ ಕ್ರಮವನ್ನು ಪುಸ್ತಕವಾಗಿ ಬರೆದು ಜಗತ್ಪ್ರಸಿದ್ಧರಾದವರು ಇವರೇ. ಸಭೆಯ ಗದ್ದಲಕ್ಕೂ ಸಮುದ್ರದ ಗದ್ದಲಕ್ಕೂ ಒಬ್ಬರೇ ಕಟ್ಟು ಹಾಕಿದರೆನ್ನಬಹುದು. ಗೋಡೆಯ ಕೆಲಸ 1902ರಲ್ಲಿ ಆರಂಭವಾಗಿ, 3 ಮೈಲಿಗೂ ಹೆಚ್ಚು ಉದ್ದದ ಮೊದಲ ಭಾಗ 1904ರಲ್ಲಿ ಮುಗಿಯಿತು. ಮುಂದಿನ ದಶಕಗಳಲ್ಲಿ ಅದನ್ನು ಬೆಳೆಸುತ್ತ ಹೋಗಿ, ಇಂದು ಅದರ ಉದ್ದ 10 ಮೈಲಿಯನ್ನು ದಾಟಿದೆ.

ಎರಡನೆಯ ಕೆಲಸ ಇನ್ನೂ ವಿಚಿತ್ರವಾದದ್ದು. 2,000ಕ್ಕೂ ಹೆಚ್ಚು ಕಟ್ಟಡಗಳನ್ನು ಜ್ಯಾಕುಗಳ ಮೇಲೆ ಎತ್ತಿ ನಿಲ್ಲಿಸಿ, ಊರಿನೊಳಗೆ ಅಗೆದ ಕಾಲುವೆಯ ಮೂಲಕ ಹೂಳೆತ್ತುವ ಹಡಗುಗಳನ್ನು ತಂದು, ನೀರು ಬೆರೆತ ಮರಳನ್ನು ಕೊಳವೆಗಳಲ್ಲಿ ಹಾಯಿಸಿ ಮನೆಗಳ ಅಡಿಯನ್ನು ತುಂಬಲಾಯಿತು. 3,000 ಟನ್ ತೂಕದ ಚರ್ಚೊಂದನ್ನೂ ಹೀಗೆಯೇ ಮೇಲೆತ್ತಲಾಯಿತು. ಜನ ವರ್ಷಗಟ್ಟಲೆ ಹಲಗೆಯ ಅಟ್ಟಣಿಗೆಗಳ ಮೇಲೆ ಓಡಾಡಿದರು. ಹಳೆಯ ಗಿಡಮರಗಳೆಲ್ಲ ಉಪ್ಪುಮರಳಿನಡಿ ಸತ್ತವು. ಈ ಕೆಲಸ 1903ರಲ್ಲಿ ಶುರುವಾಗಿ ಮುಗಿಯುವ ಹೊತ್ತಿಗೆ 1911 ಬಂದಿತ್ತು. ಸಾನ್ ಹಸಿಂಟೋ ಗೈಡೋ ಎಂಬವರು ಹೋಟೆಲ್ ತೆರೆದದ್ದು ಅದೇ ವರ್ಷ. ಮರುವರ್ಷವೇ, ಅಂದರೆ 1912ರಲ್ಲಿ, ರೈಲು, ಟ್ರಾಮು, ಮೋಟಾರುಗಳೆಲ್ಲ ಓಡಾಡಬಹುದಾದ ಹೊಸ ಸೇತುವೆ ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸಿತು. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ.

ಉಳಿದದ್ದು ಹೇಗೆ ಎಂಬ ಪ್ರಶ್ನೆಗೆ ಜನ ಸಾಮಾನ್ಯವಾಗಿ ಅಡುಗೆಯ ಗುಟ್ಟನ್ನು ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ಸಿಗಡಿಯನ್ನು ಚೆನ್ನಾಗಿ ಕರಿಯಬಲ್ಲ ಹೋಟೆಲುಗಳು ಆ ಕರಾವಳಿಯಲ್ಲಿ ನೂರಾರು ಹುಟ್ಟಿ ಮುಚ್ಚಿವೆ. ಗೈಡೋ ಕುಟುಂಬ ವ್ಯಾಪಾರವನ್ನು ಕೈಬಿಡದೆ ನಾಲ್ಕನೆಯ ತಲೆಮಾರಿನವರೆಗೆ ನಡೆಸಿಕೊಂಡು ಬಂದದ್ದು ಒಂದು ಕಾರಣ. ನನ್ನ ಎಣಿಕೆಯಲ್ಲಿ ಅಷ್ಟೇ ದೊಡ್ಡದಾದ ಇನ್ನೊಂದು ಕಾರಣವೆಂದರೆ, ಹೋಟೆಲು ನೀರಿನ ಮೇಲಿನಿಂದ ನೆಲದ ಮೇಲಕ್ಕೆ ಬಂದದ್ದು. ಆ ವಿಷಯಕ್ಕೆ ಮುಂದಿನ ಪತ್ರವೇ ದಾರಿಮಾಡಿಕೊಟ್ಟಿದೆ.

ಪ್ರಶ್ನೆ: ಕಡಲ ಹೋಟೆಲ್ ಎಂದು ಕರೆದುಕೊಂಡು ಹೋದವರು ರಸ್ತೆಯ ಈಚೆ ಬದಿಯ ಕಟ್ಟಡದಲ್ಲಿ ಕೂರಿಸಿದರು. ಕಡಲು ರಸ್ತೆಯ ಆಚೆಗಿತ್ತು. ಅಲೆಗಳ ಮೇಲೆಯೇ ಕಂಬ ನೆಟ್ಟು ಕಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! — ಗೃಹಿಣಿಯೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಹಾಗೆಯೇ ಇತ್ತು, ತಾಯಿ. 1911ರಲ್ಲಿ ಗೈಡೋಸ್ ಆರಂಭವಾದದ್ದು ಮರ್ಡಾಕ್ ಎಂಬ ಸ್ನಾನಗೃಹದ ಮೇಲಂತಸ್ತಿನಲ್ಲಿ. ಸ್ನಾನಗೃಹವೆಂದರೆ ಕಡಲಿನಲ್ಲಿ ಈಜಲು ಬಂದವರು ಬಟ್ಟೆ ಬದಲಿಸಿಕೊಳ್ಳಲು, ಈಜುಡುಗೆಯನ್ನು ಬಾಡಿಗೆಗೆ ಪಡೆಯಲು, ಉಪ್ಪುನೀರನ್ನು ತೊಳೆದುಕೊಳ್ಳಲು ನೀರಿನ ಮೇಲೆ ಕಂಬಗಳನ್ನು ನೆಟ್ಟು ಕಟ್ಟಿದ ಕಟ್ಟಡ. ಆ ಕಾಲದ ವಿಹಾರವೆಲ್ಲ ಅಲ್ಲಿಯೇ ನಡೆಯುತ್ತಿತ್ತು. ಮುಂದೆ ಹೋಟೆಲು ಸೀವಾಲ್ ಬುಲೆವಾರ್ಡ್ ಎಂಬ ಗೋಡೆಯ ಮೇಲಿನ ಹೆದ್ದಾರಿಯ ಒಳಬದಿಗೆ, 39ನೇ ಬೀದಿಯ ಬಳಿಗೆ, ಸ್ಥಳಾಂತರಗೊಂಡಿತು.

ಆ ಸ್ಥಳಾಂತರದ ಬೆಲೆ ತಿಳಿದದ್ದು 2008ರ ಸೆಪ್ಟೆಂಬರ್ 13ರ ನಸುಕಿನಲ್ಲಿ. ಐಕ್ ಚಂಡಮಾರುತ ದ್ವೀಪವನ್ನು ದಾಟಿದಾಗ, ಕಂಬಗಳ ಮೇಲಿದ್ದ ಮರ್ಡಾಕ್ ಕಟ್ಟಡ ಕೊಚ್ಚಿಹೋಯಿತು (ಅದನ್ನು ಆಮೇಲೆ ಮತ್ತೆ ಕಟ್ಟಿದರು). ಕಡಲಿನೊಳಕ್ಕೆ 600 ಅಡಿ ಚಾಚಿಕೊಂಡಿದ್ದ ಬ್ಯಾಲಿನೀಸ್ ರೂಮ್ ಎಂಬ ಪ್ರಸಿದ್ಧ ವಿಲಾಸಗೃಹವಂತೂ ಹೇಳಹೆಸರಿಲ್ಲದಂತೆ ಹೋಯಿತು. ಒಂದು ಕಾಲದಲ್ಲಿ ಅದು ಊಟಕ್ಕಿಂತ ಜೂಜಿಗೆ ಹೆಸರಾಗಿತ್ತು. ಟೆಕ್ಸಸ್ ರೇಂಜರುಗಳೆಂಬ ರಾಜ್ಯ ಪೊಲೀಸರು ದಾಳಿ ಮಾಡಲು ಬಂದರೆ, ಆ ಉದ್ದನೆಯ ಕಟ್ಟೆಯನ್ನು ಅವರು ನಡೆದು ದಾಟುವಷ್ಟರಲ್ಲಿ ಒಳಗಿನವರು ಜೂಜಿನ ಸಾಮಾನನ್ನು ಮಡಚಿ ಮರೆಮಾಡಿಬಿಡುತ್ತಿದ್ದರಂತೆ. ಪೊಲೀಸರಿಂದ ತಪ್ಪಿಸಿಕೊಳ್ಳಲು ನೆರವಾದ ಅದೇ ಕಂಬಗಳು ಅಲೆಯಿಂದ ತಪ್ಪಿಸಿಕೊಳ್ಳಲು ನೆರವಾಗಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಐಕ್ ಬಂದಾಗ ಊರು ಮುಳುಗಿದ್ದು ಬಹುಮಟ್ಟಿಗೆ ಹಿಂಬಾಗಿಲಿನಿಂದ. ಗೋಡೆ ಇರುವುದು ಕೊಲ್ಲಿಯ ಕಡೆಗೆ ಮಾತ್ರ. ಒಳಕೊಲ್ಲಿಯ ನೀರು ಉಬ್ಬಿ ಹಿಂದಿನಿಂದ ಹಳೆಯ ಪೇಟೆಗೆ ನುಗ್ಗಿತು. ಮರಳು ತುಂಬಿ ನೆಲವನ್ನು ಎತ್ತರಿಸಿದವರು ಗೋಡೆಯ ಬಳಿ ಹೆಚ್ಚು ಎತ್ತರವಿರಿಸಿ, ಒಳಕೊಲ್ಲಿಯ ಕಡೆಗೆ ಇಳಿಜಾರು ಕೊಟ್ಟಿದ್ದರು. ಹೀಗಾಗಿ ಕಡಲಿಗೆ ಅತಿ ಹತ್ತಿರವಿರುವ ದಂಡೆಯ ರಸ್ತೆಯೇ ಊರಿನ ಎತ್ತರದ ಜಾಗಗಳಲ್ಲಿ ಒಂದು. ರಸ್ತೆಯ ಈಚೆ ಕೂತು ಕಡಲನ್ನು ನೋಡುವ ಅನನುಕೂಲವನ್ನು ನಾನಾದರೆ ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.

ಹಾಗೆಂದು ಗೋಡೆಯಿಂದ ನಷ್ಟವೇ ಆಗಲಿಲ್ಲವೆಂದಲ್ಲ. ಅಲೆಗೆ ಹಿಂದೆ ಸರಿಯಲು ಜಾಗ ಸಿಗದಿದ್ದಾಗ ಅದು ಗೋಡೆಯ ಬುಡದ ಮರಳನ್ನು ಕೆರೆದೊಯ್ಯುತ್ತದೆ. ಗೋಡೆಯ ಮುಂದಿದ್ದ ಅಗಲವಾದ ಮರಳದಂಡೆ ಹೀಗೆಯೇ ಕರಗಿತು. ಈಗ ಅಲ್ಲಿ ಕಾಣುವ ಮರಳಿನಲ್ಲಿ ಬಹುಪಾಲು ಬೇರೆಡೆಯಿಂದ ತಂದು ಸುರಿದದ್ದು, ಮತ್ತೆ ಮತ್ತೆ ಸುರಿಯಬೇಕಾದದ್ದು.

ಪ್ರಶ್ನೆ: ಅಂಥ ಹೋಟೆಲುಗಳಲ್ಲಿ ಬಡಿಸುವ ಮೀನು, ಸಿಗಡಿಗಳು ನಿಜವಾಗಿಯೂ ಎದುರಿನ ಕಡಲಿನವೇ? — ಮೀನು ವ್ಯಾಪಾರಿಯೊಬ್ಬರು, ಕಾರವಾರ

ಉತ್ತರ: ವೃತ್ತಿಯವರು ಕೇಳಿದ ಪ್ರಶ್ನೆ, ತೂಗಿ ಹೇಳಬೇಕಾಗುತ್ತದೆ. ಹಳೆಯ, ಹೆಸರುಳಿಸಿಕೊಂಡ ಹೋಟೆಲುಗಳು ಕೊಲ್ಲಿಯ ಮಾಲನ್ನೇ ನೆಚ್ಚಿಕೊಂಡಿವೆ. ಆದರೆ ಎಲ್ಲ ಹೋಟೆಲುಗಳ ಮಾತು ಅದಲ್ಲ. ಅಮೆರಿಕದವರು ತಿನ್ನುವ ಸಿಗಡಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಆಮದಾದದ್ದು, ಅದರಲ್ಲಿಯೂ ದೊಡ್ಡ ಪಾಲು ನಮ್ಮ ದೇಶದ ಕೆರೆಗಳಲ್ಲಿ ಸಾಕಿ ಹೆಪ್ಪುಗಟ್ಟಿಸಿ ಕಳಿಸಿದ್ದು. ಅಂಗಡಿಯಲ್ಲಿ ಮಾರುವ ಮೀನಿಗೆ ಅದು ಯಾವ ದೇಶದ್ದೆಂಬ ಚೀಟಿ ಅಂಟಿಸಬೇಕೆಂಬ ಅಲ್ಲಿನ ಕೇಂದ್ರ ಸರ್ಕಾರದ ನಿಯಮ ಹೋಟೆಲುಗಳಿಗೆ ಅನ್ವಯಿಸುವುದಿಲ್ಲ. ಗೋಡೆಯ ಮೇಲೆ ಬಲೆ, ಲಂಗರು, ಹಳೆಯ ದೋಣಿಯ ಚಿತ್ರ ತೂಗುಹಾಕಿದ ಮಾತ್ರಕ್ಕೆ ತಟ್ಟೆಯಲ್ಲಿರುವುದು ಆ ದೋಣಿಯಲ್ಲಿ ಬಂದದ್ದೆಂದು ತಿಳಿಯಬೇಕಾಗಿಲ್ಲ. ಕೇಳಿಯೇ ತಿಳಿಯಬೇಕು, ಬಡಿಸುವವರು ತಡವರಿಸದೆ ಉತ್ತರ ಹೇಳುವ ಹೋಟೆಲು ಸಾಮಾನ್ಯವಾಗಿ ಒಳ್ಳೆಯದೇ ಆಗಿರುತ್ತದೆ.

ಕೊಲ್ಲಿಯ ಸಿಗಡಿಯಲ್ಲಿ ಕಂದು, ಬಿಳಿ ಎಂಬ ಎರಡು ಮುಖ್ಯ ಜಾತಿಗಳಿವೆ. ಕಂದು ಸಿಗಡಿ ಆಳದ ಕಡಲಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಒಳಕೊಲ್ಲಿಯ ಜೌಗಿಗೆ ಬಂದು ಬೆಳೆದು, ಬೇಸಿಗೆಯ ಆರಂಭದಲ್ಲಿ ಗುಂಪುಗುಂಪಾಗಿ ಕಡಲಿಗೆ ಮರಳುತ್ತವೆ. ಆ ಹೊತ್ತಿನಲ್ಲಿ ಬಲೆ ಹಾಕಿದರೆ ಸಿಗುವುದು ಎಳೆಯವು, ಬೆಲೆಯಿಲ್ಲದವು. ಅದಕ್ಕಾಗಿಯೇ 1981ರಿಂದ ಟೆಕ್ಸಸ್ ರಾಜ್ಯದ ನೀರಿನಲ್ಲಿಯೂ ಅದರಾಚೆಗಿನ ಕೇಂದ್ರದ ನೀರಿನಲ್ಲಿಯೂ ಮೇ ತಿಂಗಳ ಮಧ್ಯದಿಂದ ಸುಮಾರು 60 ದಿನ ಸಿಗಡಿ ಟ್ರಾಲಿಂಗನ್ನು ಒಟ್ಟಿಗೆ ನಿಲ್ಲಿಸುತ್ತ ಬಂದಿದ್ದಾರೆ. ಟ್ರಾಲಿಂಗ್ ನಿಷೇಧದ ದಿನಗಳನ್ನು ಎಣಿಸುತ್ತ ಕೂರುವ ನಿಮಗೆ ಇದರ ತರ್ಕವನ್ನು ವಿವರಿಸುವ ಅಗತ್ಯವಿಲ್ಲ.

ಇನ್ನು ಅಲ್ಲಿನ ಮೆನುವಿನ ರಾಜನೆಂದರೆ ರೆಡ್ ಸ್ನ್ಯಾಪರ್, ನಿಮ್ಮ ಕಡೆಯ ಕೆಂಬೇರಿಯ ದಾಯಾದಿ. ಐವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಈ ಮೀನನ್ನು ಮಿತಿಮೀರಿ ಹಿಡಿದು ಸಂತತಿ ಕುಸಿದಿತ್ತು. ಆಗ ಪ್ರತಿ ತಿಂಗಳೂ ಕೆಲವೇ ದಿನಗಳ ಕಾಲ ಹಿಡಿಯಲು ಬಿಡುತ್ತಿದ್ದರು. ಗಾಳಿಯಿರಲಿ, ಬಿರುಗಾಳಿಯಿರಲಿ, ಆ ದಿನಗಳಲ್ಲಿ ದೋಣಿಗಳೆಲ್ಲ ಒಮ್ಮೆಲೇ ಹೊರಟು ಒಮ್ಮೆಲೇ ಬಂದು ರಾಶಿ ಹಾಕುತ್ತಿದ್ದವು. ಬೆಲೆ ಬೀಳುತ್ತಿತ್ತು, ಮರುವಾರ ಮೀನೇ ಇರುತ್ತಿರಲಿಲ್ಲ. 2007ರಲ್ಲಿ ಪ್ರತಿ ದೋಣಿಯವರಿಗೂ ವರ್ಷದ ಪಾಲನ್ನು ಗೊತ್ತುಮಾಡಿ, ಅದನ್ನು ಯಾವಾಗ ಬೇಕಾದರೂ ಹಿಡಿಯಬಹುದೆಂದು ಬಿಟ್ಟ ಮೇಲೆ ಹೋಟೆಲುಗಳಿಗೆ ವರ್ಷವಿಡೀ ತಾಜಾ ಮೀನು ದೊರೆಯುವಂತಾಯಿತು. ಪಾಲನ್ನು ಯಾರಿಗೆ ಎಷ್ಟು ಹಂಚಬೇಕೆಂಬ ಜಗಳ ಅಲ್ಲಿಯೂ ಇದ್ದೇ ಇದೆ.

ಪ್ರಶ್ನೆ: ಅಳಿಯ ಹಸಿ ಆಯ್ಸ್ಟರನ್ನು ನಿಂಬೆರಸ ಹಿಂಡಿ ಹಾಗೆಯೇ ನುಂಗಿದರು. ನನಗೆ ಹೆದರಿಕೆಯಾಯಿತು. ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆಯೂ ಇತ್ತು. ಇಂಗ್ಲಿಷಿನ ‘ಆರ್’ ಅಕ್ಷರವಿರುವ ತಿಂಗಳಲ್ಲಿ ತಿಂದರೆ ಏನೂ ಆಗುವುದಿಲ್ಲ ಎಂದು ಅವರು ನಕ್ಕರು. ಇದು ನಿಜವೇ? ನನಗೆ ಸಕ್ಕರೆ ಕಾಯಿಲೆ ಇದೆ. ಮುಂದಿನ ಸಲ ನಾನೂ ರುಚಿ ನೋಡಬಹುದೇ? — ಓದುಗರೊಬ್ಬರು, ಬೆಂಗಳೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಬೇಯಿಸಿದ್ದನ್ನು ಧಾರಾಳವಾಗಿ ತಿನ್ನಿ.

ಆಯ್ಸ್ಟರ್ ಎಂದರೆ ಒಂದು ಜಾತಿಯ ಸಿಂಪಿ. ಬಾಯ್ತೆರೆದು ನೀರನ್ನು ಒಳಗೆಳೆದುಕೊಂಡು, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿ ತಿಂದು, ನೀರನ್ನು ಹೊರಬಿಡುವುದೇ ಅದರ ಬಾಳು. ಬೆಳೆದ ಸಿಂಪಿಯೊಂದು ಅನುಕೂಲವಾದ ಸ್ಥಿತಿಯಲ್ಲಿ ದಿನಕ್ಕೆ 190 ಲೀಟರಿನವರೆಗೂ ನೀರನ್ನು ಸೋಸಬಲ್ಲದು. ನೀರಿನಲ್ಲಿರುವ ಒಳ್ಳೆಯದೂ ಕೆಟ್ಟದ್ದೂ ಹೀಗೆ ಅದರ ಮೈಯಲ್ಲಿ ಸೇರಿಕೊಳ್ಳುತ್ತವೆ. ಕೆಟ್ಟದ್ದರಲ್ಲಿ ಮುಖ್ಯವಾದದ್ದು ವಿಬ್ರಿಯೋ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ. ಅದು ಕೊಳಚೆಯಿಂದ ಬರುವುದಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ಸಹಜವಾಗಿ ಬದುಕುವಂಥದ್ದು, ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೆಚ್ಚುವಂಥದ್ದು. ಸಿಂಪಿಯ ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದರ ಸುಳಿವು ಸಿಗುವುದಿಲ್ಲ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಹೊಟ್ಟೆ ಕೆಡಬಹುದು, ಅಷ್ಟೆ. ಯಕೃತ್ತಿನ ಕಾಯಿಲೆ, ಮಧುಮೇಹ, ರೋಗನಿರೋಧಕ ಶಕ್ತಿಯ ಕೊರತೆ ಇರುವವರಲ್ಲಿ ಅದು ರಕ್ತಕ್ಕೆ ಸೇರಿಕೊಂಡರೆ ಪ್ರಾಣಾಪಾಯ. ಈ ಸೋಂಕು ತಗುಲಿದ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಾರೆಂಬುದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಲೆಕ್ಕ. ನಿಂಬೆರಸ, ಖಾರದ ಸಾಸು, ಮೇಲೊಂದು ಗುಟುಕು ಮದ್ಯ, ಇವುಗಳಲ್ಲಿ ಯಾವುದೂ ಅದನ್ನು ಕೊಲ್ಲುವುದಿಲ್ಲ. ಬೆಂಕಿ ಕೊಲ್ಲುತ್ತದೆ.

‘ಆರ್’ ಅಕ್ಷರದ ಮಾತು ಪೂರ್ತಿ ಸುಳ್ಳಲ್ಲ. ಆ ಅಕ್ಷರವಿಲ್ಲದ ತಿಂಗಳುಗಳು ಮೇಯಿಂದ ಆಗಸ್ಟ್. ಉತ್ತರ ಗೋಲಾರ್ಧದಲ್ಲಿ ಅವು ಬಿಸಿಲಿನ ದಿನಗಳು. ಆಗ ನೀರು ಬೆಚ್ಚಗಿರುತ್ತದೆ, ಸಿಂಪಿಗಳು ಸಂತಾನ ಕಾರ್ಯದಲ್ಲಿ ತೊಡಗಿ ಬಡಕಲಾಗಿರುತ್ತವೆ. ಆದರೆ ಈ ಗಾದೆ ಚಳಿ ಪ್ರದೇಶದಲ್ಲಿ ಹುಟ್ಟಿದ್ದು. ಮೆಕ್ಸಿಕೋ ಕೊಲ್ಲಿಯಲ್ಲಿ ಸೆಪ್ಟೆಂಬರಿನ ನೀರು ಜೂನಿನಷ್ಟೇ ಬೆಚ್ಚಗಿರುವುದರಿಂದ, ಅಕ್ಷರವನ್ನು ನೋಡಿ ತಿನ್ನುವವರು ಅಲ್ಲಿ ಮೋಸಹೋಗುತ್ತಾರೆ. ಟೆಕ್ಸಸ್ ಸರ್ಕಾರ ಸಾರ್ವಜನಿಕ ಸಿಂಪಿದಿಬ್ಬಗಳಲ್ಲಿ ಹಿಡಿಯಲು ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಮಾತ್ರ ಅವಕಾಶ ಕೊಟ್ಟಿರುವುದು ಸರಿಯಾಗಿಯೇ ಇದೆ. ಅಲ್ಲಿಯೂ 3 ಅಂಗುಲಕ್ಕಿಂತ ಚಿಕ್ಕದನ್ನು ಮರಳಿ ನೀರಿಗೆ ಹಾಕಬೇಕು. ಖಾಸಗಿ ಗುತ್ತಿಗೆಯ ದಿಬ್ಬಗಳಿಂದ ಬೇಸಿಗೆಯಲ್ಲಿಯೂ ಮಾಲು ಬರುತ್ತದೆ. ಹಾಗಾಗಿ ಜುಲೈ ತಿಂಗಳ ಮೆನುವಿನಲ್ಲಿ ಸಿಂಪಿ ಕಂಡರೆ ಅದು ಕಳ್ಳಮಾಲೇನೂ ಅಲ್ಲ.

ಗ್ಯಾಲ್ವೆಸ್ಟನ್ ಒಳಕೊಲ್ಲಿಯ ಸಿಂಪಿಗಳ ಪಾಡು ಮಾತ್ರ ಮರುಕ ಹುಟ್ಟಿಸುವಂಥದ್ದು. ಸಿಂಪಿಯ ಮರಿ ಅಂಟಿಕೊಂಡು ಬೆಳೆಯಲು ಗಟ್ಟಿಯಾದ ಆಸರೆ ಬೇಕು. ಹಳೆಯ ಚಿಪ್ಪೇ ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಆಸರೆ. ಇಪ್ಪತ್ತನೆಯ ಶತಮಾನದ ಬಹುಕಾಲ ಆ ಚಿಪ್ಪುಗಳನ್ನು ಬಾಚಿ ತೆಗೆದು ರಸ್ತೆಗೂ ಸಿಮೆಂಟಿಗೂ ಬಳಸಿದರು. 2008ರಲ್ಲಿ ಐಕ್ ತಂದ ಹೂಳು ಉಳಿದ ದಿಬ್ಬಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಮುಚ್ಚಿತು. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತದ ಮಳೆನೀರು ನದಿಗಳಿಂದ ನುಗ್ಗಿ ಒಳಕೊಲ್ಲಿಯ ಉಪ್ಪನ್ನೇ ತೊಳೆದುಹಾಕಿದಾಗ, ಸಿಹಿನೀರಿನಲ್ಲಿ ಬಹಳ ದಿನ ಬದುಕಲಾರದ ಸಿಂಪಿಗಳು ರಾಶಿರಾಶಿಯಾಗಿ ಸತ್ತವು. ಗ್ಯಾಲ್ವೆಸ್ಟನ್ ಬೇ ಫೌಂಡೇಶನ್ ಎಂಬ ಸಂಸ್ಥೆ 2011ರಿಂದ ಹೋಟೆಲುಗಳ ಎಂಜಲು ಚಿಪ್ಪನ್ನು ಒಟ್ಟುಮಾಡಿ, ಕನಿಷ್ಠ ಆರು ತಿಂಗಳು ಬಿಸಿಲಿನಲ್ಲಿ ಒಣಗಿಸಿ, ಮರಳಿ ನೀರಿಗೆ ಹಾಕುತ್ತಿದೆ. ನಿಮ್ಮ ಅಳಿಯಂದಿರು ಬಿಟ್ಟ ಚಿಪ್ಪಿನ ಮೇಲೆ ಮುಂದಿನ ಸಿಂಪಿ ಬೆಳೆಯುವ ಸಾಧ್ಯತೆ ಇಲ್ಲದಿಲ್ಲ.

ಪ್ರಶ್ನೆ: ಸಸ್ಯಾಹಾರಿಯಾದ ನಾನು ಅಂಥ ಹೋಟೆಲಿನಲ್ಲಿ ಏನು ತಿನ್ನಲಿ? ಬೆಂಡೆಕಾಯಿಯ ಗಂಬೋ ಸಾರು ಸಿಗುತ್ತದೆಂದು ಕೇಳಿದ್ದೇನೆ. — ಓದುಗರೊಬ್ಬರು, ಉಡುಪಿ

ಉತ್ತರ: ಗಂಬೋ ಎಂಬ ಹೆಸರೇ ಬೆಂಡೆಕಾಯಿಗೆ ಆಫ್ರಿಕದ ಭಾಷೆಗಳಲ್ಲಿರುವ ಪದದಿಂದ ಬಂದದ್ದು. ಆದರೆ ಹೆಸರಿಗೆ ಮರುಳಾಗಬೇಡಿ. ಹಿಟ್ಟನ್ನು ಕೊಬ್ಬಿನಲ್ಲಿ ಕಂದಾಗುವಂತೆ ಹುರಿದು, ಸಿಗಡಿಯ ಸಿಪ್ಪೆ ಕುದಿಸಿದ ನೀರಿನಲ್ಲಿ ಬೇಯಿಸುವ ಸಾರು ಅದು. ಕರಿದ ತರಕಾರಿಯೂ ಹೆಚ್ಚಿನ ಕಡೆ ಮೀನು ಕರಿದ ಎಣ್ಣೆಯಲ್ಲಿಯೇ ಮುಳುಗಿ ಬರುತ್ತದೆ. ಸುಟ್ಟ ಆಲೂಗಡ್ಡೆ, ಸಲಾಡು, ಬ್ರೆಡ್ಡು, ಮುಂದೆ ಕಡಲು.

ಪ್ರಶ್ನೆ: ಮೆನುವಿನಲ್ಲಿ ಒಂದು ಬೆಲೆ, ಕೊನೆಗೆ ಕೊಟ್ಟದ್ದು ಇನ್ನೊಂದು. ಟಿಪ್ಸ್ ಕೊಡದೆ ಎದ್ದರೆ ತಪ್ಪೇ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಗ್ಯಾಲ್ವೆಸ್ಟನ್ನಿನಲ್ಲಿ ರಾಜ್ಯದ್ದೂ ಸ್ಥಳೀಯದ್ದೂ ಕೂಡಿ ಮಾರಾಟ ತೆರಿಗೆ 8.25 ಶೇಕಡಾ. 60 ಡಾಲರಿನ ಊಟಕ್ಕೆ ತೆರಿಗೆ 4.95 ಡಾಲರ್, ಬಡಿಸಿದವರಿಗೆ ಶೇಕಡಾ 18ರಂತೆ 10.80 ಡಾಲರ್ ಕೊಟ್ಟರೆ ಒಟ್ಟು 75.75 ಡಾಲರ್ ಆಗುತ್ತದೆ.

ಕೊಡದೆ ಎದ್ದರೆ ಕಾನೂನು ಹಿಡಿಯುವುದಿಲ್ಲ. ಆದರೆ ಟಿಪ್ಸ್ ಪಡೆಯುವ ಕೆಲಸದವರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿ ಗಂಟೆಗೆ 2.13 ಡಾಲರ್ ಮಾತ್ರ. ಟೆಕ್ಸಸ್ ಅನುಸರಿಸುವ ಈ ಕೇಂದ್ರದ ದರ 1991ರಿಂದ ಒಂದು ಸೆಂಟೂ ಏರಿಲ್ಲ. ಟಿಪ್ಸ್ ಸೇರಿಸಿಯೂ 7.25 ಡಾಲರ್ ಆಗದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕೆಂಬ ನಿಯಮವೇನೋ ಇದೆ. ಒಟ್ಟಿನಲ್ಲಿ ಸಂಬಳದ ದೊಡ್ಡ ಭಾಗವನ್ನು ಗಿರಾಕಿಯೇ ಕೊಡಲೆಂದು ಬಿಟ್ಟ ವ್ಯವಸ್ಥೆ ಅದು. ವ್ಯವಸ್ಥೆ ನನಗೂ ಸರಿಕಾಣದು. ಅದರ ಮೇಲಿನ ಸಿಟ್ಟನ್ನು ತಟ್ಟೆ ತಂದುಕೊಟ್ಟ ಹುಡುಗಿಯ ಮೇಲೆ ತೀರಿಸಿಕೊಳ್ಳಬಾರದಷ್ಟೆ.

ಪ್ರಶ್ನೆ: ಸಮುದ್ರಮಟ್ಟ ಏರುತ್ತಿದೆ ಎನ್ನುತ್ತಾರೆ. ಇನ್ನೊಂದು ನೂರು ವರ್ಷ ಆ ಹೋಟೆಲುಗಳು ಅಲ್ಲಿ ಇರಬಲ್ಲವೇ? — ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಗ್ಯಾಲ್ವೆಸ್ಟನ್ನಿನ ಬಂದರು ಬದಿಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೂ ನೀರಿನ ಮಟ್ಟವನ್ನು ಅಳೆಯುತ್ತ ಬಂದಿದ್ದಾರೆ. ಅಲ್ಲಿ ವರ್ಷಕ್ಕೆ ಸುಮಾರು ಆರೂವರೆ ಮಿಲಿಮೀಟರ್, ಅಂದರೆ ನೂರು ವರ್ಷಕ್ಕೆ ಎರಡು ಅಡಿಗೂ ಮಿಕ್ಕಿ, ನೀರು ಏರಿದಂತೆ ದಾಖಲಾಗಿದೆ. ಇದು ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. ಕಾರಣವೇನೆಂದರೆ ನೀರು ಏರುವುದರ ಜೊತೆಗೆ ನೆಲವೂ ಕುಸಿಯುತ್ತಿದೆ: ಸಡಿಲ ಮಣ್ಣು ತಾನಾಗಿಯೇ ಅಮರುತ್ತದೆ, ಅದರ ಮೇಲೆ ಆ ಪ್ರದೇಶದಲ್ಲಿ ದಶಕಗಳ ಕಾಲ ಅಂತರ್ಜಲವನ್ನೂ ಎಣ್ಣೆಯನ್ನೂ ಹೀರಿ ತೆಗೆದರು. ಅಂತರ್ಜಲ ತೆಗೆಯುವುದಕ್ಕೆ ಕಡಿವಾಣ ಹಾಕಲೆಂದೇ 1975ರಲ್ಲಿ ಒಂದು ಪ್ರಾಧಿಕಾರವನ್ನು ಸ್ಥಾಪಿಸಬೇಕಾಯಿತು.

ಐಕ್ ನಂತರ ಹುಟ್ಟಿದ ಯೋಜನೆಯೊಂದಕ್ಕೆ ಜನ ‘ಐಕ್ ಡೈಕ್’ ಎಂದು ಹೆಸರಿಟ್ಟಿದ್ದಾರೆ. ಒಳಕೊಲ್ಲಿಯ ಬಾಯಿಗೆ ಬೃಹತ್ ಕದಗಳನ್ನು ಕೂರಿಸಿ, ಚಂಡಮಾರುತ ಬಂದಾಗ ಮುಚ್ಚುವುದು ಅದರ ತಿರುಳು. ಸೇನೆಯ ಎಂಜಿನಿಯರುಗಳು ರೂಪಿಸಿದ ಈ ಯೋಜನೆಗೆ ಅಮೆರಿಕದ ಸಂಸತ್ತು 2022ರಲ್ಲಿ ಒಪ್ಪಿಗೆ ಕೊಟ್ಟಿತು. ಆಗಿನ ಅಂದಾಜು ವೆಚ್ಚ ಸುಮಾರು 34 ಶತಕೋಟಿ ಡಾಲರ್. ಒಪ್ಪಿಗೆ ಬೇರೆ, ಹಣ ಬೇರೆ ಎಂಬುದು ಅಲ್ಲಿಯೂ ಸತ್ಯ. 2008ರಲ್ಲಿ ಹಿಂದಿನಿಂದ ನುಗ್ಗಿದ ನೀರನ್ನು ನೆನೆದು, ಊರಿನ ಹಿಂಬದಿಗೂ ತಡೆಗೋಡೆ ಕಟ್ಟುವ ವಿಚಾರ ಅದರಲ್ಲಿದೆ.

ಅದೇ ಯೋಜನೆಯಲ್ಲಿ ಹಳೆಯ ಕಡಲಗೋಡೆಯನ್ನು 17ರಿಂದ 21 ಅಡಿಗೆ ಎತ್ತರಿಸುವ ಪ್ರಸ್ತಾಪವೂ ಸೇರಿದೆ. ಈಗ ಗೋಡೆಯ ತಲೆಯೂ ದಂಡೆಯ ರಸ್ತೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದಲೇ ಕಿಟಕಿಯ ಬದಿ ಕುಳಿತವರಿಗೆ ಅಡೆತಡೆಯಿಲ್ಲದೆ ಅಲೆಗಳು ಕಾಣುತ್ತವೆ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ನೀವು ಎಂಜಿನಿಯರಿಂಗ್ ಓದುತ್ತಿರುವವರು. ರಸ್ತೆಯ ಮಟ್ಟ ಹಾಗೆಯೇ ಉಳಿದು ಗೋಡೆ ಮಾತ್ರ 4 ಅಡಿ ಏರಿದರೆ ಆ ಮೇಜಿನಿಂದ ಎಷ್ಟು ಕಡಲು ಕಂಡೀತೆಂಬುದನ್ನು ಕಾಗದದ ಮೇಲೆ ಗೆರೆ ಎಳೆದು ನೀವೇ ನೋಡಬಹುದು.